ಹಿಂದಿನ ಜಗಲಿಯ ಹದಿನಾಲ್ಕು ಜನ

ಕೃಷ್ಣಮೂರ್ತಿಪುರಂನಲ್ಲಿ ಒಂದು ವಠಾರ. ಸಾಲಾಗಿ ಆರು ಮನೆ, ಆರಕ್ಕೂ ಸೇರಿ ಒಂದೇ ನಲ್ಲಿ. ಕೊನೇ ಮನೆಯಲ್ಲಿ ಲಾಸ್ಯ ಅಂತ ಒಬ್ಬ ಹುಡುಗಿ, ಅವಳ ಜೊತೆಗೆ ದೊಡ್ಡಮ್ಮ ಪುಟ್ಟಬಸಮ್ಮ. ಈ ಹುಡುಗಿ ಎರಡು ತಿಂಗಳು ಒಂದು ಆಫೀಸಿಗೆ ಹೋಗಿಬಂದಳು, ಅಷ್ಟೇ ಕಥೆ. ರಾಜನೂ ಇಲ್ಲ, ರಾಕ್ಷಸನೂ ಇಲ್ಲ; ಇದ್ದವರೆಲ್ಲ ಒಳ್ಳೆಯವರೇ.

ಲಾಸ್ಯಳ ಅಪ್ಪ ಅಮ್ಮ ನಂಜನಗೂಡಿನ ಆಚೆಯ ಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವರು. ಮಗಳು ಎಂಟನೇ ಕ್ಲಾಸಿಗೆ ಬಂದಾಗ, ಚೆನ್ನಾಗಿ ಓದಲಿ ಅಂತ ಮೈಸೂರಿಗೆ ಕರೆತಂದು ದೊಡ್ಡಮ್ಮನ ಕೈಗೆ ಕೊಟ್ಟುಹೋದರು. ಪುಟ್ಟಬಸಮ್ಮನಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಸದಾಶಿವಯ್ಯನವರ ಊದುಬತ್ತಿ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷದ ಕೆಲಸ. ಅವಳ ಸೀರೆಯನ್ನು ಎಷ್ಟು ಸಲ ಸೋಪು ಹಾಕಿ ಒಗೆದರೂ ಧೂಪದ ಘಮ ಬಿಡುತ್ತಿರಲಿಲ್ಲ. ಆ ಘಮದಲ್ಲೇ ಲಾಸ್ಯ ಪಿಯುಸಿ ಮುಗಿಸಿದಳು, ಬಿಕಾಂ ಮುಗಿಸಿದಳು, ಎಂಬಿಎಗೂ ಸೇರಿದಳು. ಮೊದಲ ವರ್ಷದ ಬೇಸಿಗೆ ರಜೆಯಲ್ಲಿ ಎಲ್ಲಾದರೂ ಎರಡು ತಿಂಗಳು ಕೆಲಸ ಕಲಿಯಬೇಕೆಂಬುದು ಕಾಲೇಜಿನ ನಿಯಮ. ಇವಳಿಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಇಡೀ ತರಗತಿಯಲ್ಲಿ ಒಬ್ಬಳಿಗೇ.

ಸುದ್ದಿ ಹೇಳಿದಾಗ ಪುಟ್ಟಬಸಮ್ಮ ಸೊಪ್ಪು ಬಿಡಿಸುತ್ತಿದ್ದಳು.

"ಯಾವ ಬ್ಯಾಂಕ್ ಮಗಾ? ಪಾಸ್‌ಬುಕ್ ಕೊಡ್ತಾರಾ?"

"ಅಂಥ ಬ್ಯಾಂಕಲ್ಲ ದೊಡ್ಡಮ್ಮ. ಅಲ್ಲಿ ಯಾರೂ ದುಡ್ಡು ಇಡಲ್ಲ."

"ಇಡಲ್ಲ, ತೆಗೆಯಲ್ಲ, ಮತ್ತೆ ಬಾಗ್ಲು ತಕ್ಕೊಂಡು ಏನ್ಮಾಡ್ತಾರೆ?"

"ಕಂಪನಿ ಮಾರೋರಿಗೆ ಕೊಳ್ಳೋರನ್ನ ಹುಡುಕಿಕೊಡ್ತಾರೆ."

ಪುಟ್ಟಬಸಮ್ಮ ದಂಟು ಮುರಿದು ಬುಟ್ಟಿಗೆ ಹಾಕಿದಳು. "ನಮ್ಮ ಮೂರನೇ ಮನೆ ಸಿದ್ದೇಶ ಸೈಟು ಮಾರಿಸ್ತಾನಲ್ಲ, ಅಂಗೆ ಅನ್ನು. ಅವ್ನು ಬಿಕಾಂ ಕೂಡ ಮಾಡಿಲ್ಲ ಕಣಮ್ಮ!"

ಲಾಸ್ಯಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಆಫೀಸು ಇದ್ದದ್ದು ಜಯಲಕ್ಷ್ಮೀಪುರಂನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಯಜಮಾನರು ಬಿಂದುಮಾಧವ, ಮುಂಬೈಯಲ್ಲಿ ಇಪ್ಪತ್ತು ವರ್ಷ ಇದ್ದು ಊರಿಗೆ ಮರಳಿದವರು. ಅವರ ಕೈಕೆಳಗೆ ಮಾಲವಿಕಾ; ಲಾಸ್ಯಳಿಗೆ ಕೆಲಸ ಹೇಳಿಕೊಡುವವಳು ಅವಳೇ. ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಇಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಯಾರಿಗೂ ಹೇಳಕೂಡದು, ಮನೆಯವರಿಗೂ. ಮಾರಾಟಕ್ಕೆ ಬಂದ ಕಂಪನಿಯ ಹೆಸರನ್ನು ಆಫೀಸಿನೊಳಗೂ ಯಾರೂ ಎತ್ತುವುದಿಲ್ಲ. ಒಂದೊಂದಕ್ಕೂ ಒಂದೊಂದು ಸುಳ್ಳು ಹೆಸರು. ಒಂದು ಪಾರಿಜಾತ, ಒಂದು ಕಾವೇರಿ, ಇನ್ನೊಂದು ಗರುಡ.

ಮೊದಲ ನಾಲ್ಕು ವಾರ ಲಾಸ್ಯ ಮಾಡಿದ್ದು ಅಕ್ಷರದ ಗಾತ್ರ ಸರಿಮಾಡುವುದು, ಗೆರೆಗೆ ಗೆರೆ ಕೂಡಿಸುವುದು. ಒಂದು ಅಲ್ಪವಿರಾಮ ತಪ್ಪಿದರೂ ಮಾಲವಿಕಾ ಕರೆಯುವಳು.

"ಲಾಸ್ಯ, ಇದು ಅಂಗಡಿ ಬೋರ್ಡಾ? ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ."

"ಸಾರಿ ಮೇಡಂ."

"ಸಾರಿ ಅನ್ನೋದನ್ನಾದ್ರೂ ಒಂದೇ ಅಳತೇಲಿ ಹೇಳ್ತೀಯಲ್ಲ, ಪುಣ್ಯ."

ಐದನೇ ವಾರ ಪಾರಿಜಾತದ ಕಡತ ಇವಳ ಕೈಗೆ ಬಂತು. ದಕ್ಷಿಣ ಭಾರತದ ಹಳೆಯ ಸುಗಂಧ ಸಂಸ್ಥೆ, ನೂರಾ ಎಂಬತ್ತು ಕೆಲಸಗಾರರು, ಯಜಮಾನರಿಗೆ ವಯಸ್ಸಾಗಿದೆ. ಎರಡನೇ ಪುಟ ತಿರುಗಿಸುತ್ತಲೇ ಒಂದು ಫೋಟೋ. ಅಂಗಳದಲ್ಲಿ ಬೇವಿನ ಮರ, ಅದರ ಬುಡಕ್ಕೆ ಕಟ್ಟಿದ ಹಸಿರು ಬಣ್ಣದ ಕಟ್ಟೆ. ಸ್ಕೂಲು ಬಿಟ್ಟ ಮೇಲೆ ದೊಡ್ಡಮ್ಮನಿಗಾಗಿ ಕಾಯುತ್ತಾ ಆ ಕಟ್ಟೆಯ ಮೇಲೆ ಲಾಸ್ಯ ಎಷ್ಟು ಹೋಂವರ್ಕ್ ಬರೆದಿದ್ದಳೋ! ಇದು ಸದಾಶಿವಯ್ಯನವರ ಕಾರ್ಖಾನೆಯೇ. ಆದರೆ ಸಹಿ ಹಾಕಿದ ಕಾಗದ ನೆನಪಾಯಿತು, ಬಾಯಿ ಬಿಡಲಿಲ್ಲ. ಕಾರ್ಖಾನೆ ಮಾರಿದರೇನಂತೆ, ಯಜಮಾನರು ಬದಲಾದಾರು, ಕೆಲಸ ಇದ್ದೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಅಂದು ಬಿಂದುಮಾಧವ ಬಂದು ಹೇಳಿದರು: "ಲಾಸ್ಯ, ಲೆಕ್ಕ ಎಲ್ಲರೂ ಬರೀತಾರೆ. ಈ ಕಂಪನಿಯಲ್ಲಿ ಬೇರೆ ಎಲ್ಲೂ ಇಲ್ಲದ್ದು ಏನಿದೆ? ಒಂದು ಪುಟ ಬರೆದು ತೋರ್ಸಮ್ಮ."

ಎಲ್ಲೂ ಇಲ್ಲದ್ದು ಏನೆಂದು ಲಾಸ್ಯಳಿಗೆ ಗೊತ್ತಿತ್ತು. ಆ ಕಾರ್ಖಾನೆಯಲ್ಲಿ ಬತ್ತಿ ಹೊಸೆದೂ ಹೊಸೆದೂ ಬೆರಳು ಸೋತವರನ್ನು, ಕಣ್ಣು ಮಂಜಾದವರನ್ನು ಮನೆಗೆ ಕಳಿಸುವ ಪದ್ಧತಿಯೇ ಇಲ್ಲ. ಹಿಂದಿನ ಜಗಲಿಯಲ್ಲಿ ಕೂರಿಸುತ್ತಾರೆ. ಮುರಿದ ಕಡ್ಡಿ ಆರಿಸುವುದಷ್ಟೇ ಅವರ ಕೆಲಸ. ಸಂಬಳ ಮಾತ್ರ ಪೂರ್ತಿ. ಈಗ ಅಲ್ಲಿ ಹದಿನಾಲ್ಕು ಜನ, ಎರಡು ವರ್ಷದಿಂದ ಪುಟ್ಟಬಸಮ್ಮನೂ ಒಬ್ಬಳು. ಲಾಸ್ಯ ಮನಸ್ಸಿಟ್ಟು ಬರೆದಳು. ಇಂಥ ಕಾರ್ಖಾನೆಯನ್ನು ಕೊಳ್ಳುವವರು ಪುಣ್ಯವಂತರು ಎನ್ನುವ ಹಾಗೆ ಬರೆದಳು.

ಬಿಂದುಮಾಧವ ಎರಡು ಸಲ ಓದಿದರು. "ಇದು ನಮ್ಮ ಕಾಗದದಲ್ಲಿ ಎಲ್ಲೂ ಇರಲಿಲ್ಲವಲ್ಲ! ಎಲ್ಲಿ ಸಿಕ್ತು?"

"ಊರಿನವಳಲ್ವಾ ಸರ್," ಎಂದಳು. ಹೊಗಳಿಕೆಗೆ ಮುಖ ಅರಳಿತ್ತು.

ಎರಡು ದಿನ ಬಿಟ್ಟು ಕಡತ ತೆರೆದರೆ ಅವಳು ಬರೆದ ಪುಟ ಇಲ್ಲ. ಹುಡುಕಿದಳು. ನಲವತ್ತೊಂದನೇ ಪುಟದಲ್ಲಿ, 'ಕೊಂಡ ಮೇಲೆ ಉಳಿಸಬಹುದಾದ ಖರ್ಚು' ಎಂಬ ಪಟ್ಟಿಯ ಮೂರನೇ ಸಾಲಿನಲ್ಲಿ ಇತ್ತು: ಉತ್ಪಾದನೆಗೆ ಅಗತ್ಯವಿಲ್ಲದ ಕೆಲಸಗಾರರು, ಹದಿನಾಲ್ಕು.

"ಮೇಡಂ, ಇದು ಇಲ್ಲಿಗೆ ಯಾಕೆ ಬಂತು?"

"ಅದರ ಜಾಗ ಅದೇ. ಕಾರ್ಖಾನೆ ಯಜಮಾನರು ಇವರನ್ನ ಪ್ಯಾಕಿಂಗ್‌ನವರ ಜೊತೆ ಸೇರಿಸಿಬಿಟ್ಟಿದ್ದರು, ನಮಗೆ ಗೊತ್ತೇ ಆಗ್ತಿರಲಿಲ್ಲ. ಒಳ್ಳೇ ಕೆಲಸ ಮಾಡಿದೆ ಕಣೆ."

ಸದಾಶಿವಯ್ಯನವರು ಆ ಹದಿನಾಲ್ಕು ಜನರನ್ನು ಪಟ್ಟಿಯಲ್ಲಿ ಯಾಕೆ ಮರೆಮಾಡಿದ್ದರು ಎನ್ನುವುದು ಲಾಸ್ಯಳಿಗೆ ಆಗ ಹೊಳೆಯಿತು. ಆ ಮರೆಯನ್ನು ಸರಿಸಿದವಳು ತಾನೇ.

"ತೆಗೆದುಬಿಡಿ ಮೇಡಂ. ನಾನು ಯಾರೋ ಹೇಳಿದ್ದು ಕೇಳಿ ಬರೆದದ್ದು."

"ತೆಗೆಯೋಕೆ ಬರಲ್ಲ. ಸರ್ ಆ ಯಜಮಾನರಿಗೇ ಫೋನ್ ಮಾಡಿ ಕೇಳಿದರು. 'ನಿಜ, ಬರ್ಕೊಳ್ಳಿ' ಅಂದರಂತೆ. ಗೊತ್ತಿದ್ದೂ ಮುಚ್ಚಿಟ್ಟರೆ ಕೊಳ್ಳೋರು ನಾಳೆ ಕೋರ್ಟಿಗೆ ಎಳೀತಾರೆ. ಯಾಕೆ, ಏನಾಯ್ತು ನಿಂಗೆ?"

ಲಾಸ್ಯ ನೇರ ಬಿಂದುಮಾಧವರ ಕೋಣೆಗೆ ಹೋದಳು. ನಿಂತೇ ಹೇಳಿದಳು. "ಸರ್, ಆ ಹದಿನಾಲ್ಕು ಜನದಲ್ಲಿ ಒಬ್ಬರು ನಮ್ಮ ದೊಡ್ಡಮ್ಮ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೊದಲೇ ಹೇಳಬೇಕಿತ್ತಲ್ಲಮ್ಮ. ಇವತ್ತಿನಿಂದ ಪಾರಿಜಾತ ನೀನು ಮುಟ್ಟಬೇಡ. ನಿನ್ನ ಮೇಲೆ ನನಗೇನೂ ಬೇಜಾರಿಲ್ಲ."

"ಆ ಸಾಲು, ಸರ್?"

"ಕಡತ ಬೆಳಿಗ್ಗೆಯೇ ಹೋಯ್ತು. ಮೂರು ಕಂಪನಿಗೆ." ಕನ್ನಡಕ ಮತ್ತೆ ಹಾಕಿಕೊಂಡರು. "ಮನೆಯಲ್ಲಿ ಏನೂ ಹೇಳಬಾರದು. ಸಹಿ ಹಾಕಿದ್ದೀಯ."

ಮುಂದಿನ ವಾರ ಒಂದು ಸಂಜೆ ಪುಟ್ಟಬಸಮ್ಮ ಬಾಗಿಲಲ್ಲೇ ಶುರುಮಾಡಿದಳು. "ಇವತ್ತು ಜಗಲಿಗೆ ಒಬ್ಳು ಹುಡ್ಗಿ ಬಂದಿದ್ಲು ಕಣೆ. ಪ್ಯಾಂಟು ಶರ್ಟು, ಕುತ್ಗೇಲಿ ಯಾವ್ದೋ ಕಂಪನಿ ಕಾರ್ಡು. ನಮ್ಮನ್ನೆಲ್ಲ ಒಂದು ಎರಡು ಅಂತ ಎಣಿಸಿದ್ಲು. ಎಷ್ಟು ವರ್ಷ, ಎಷ್ಟು ವಯಸ್ಸು ಅಂತ ಬರ್ಕೊಂಡ್ಲು. ನಮ್ಮ ಪುಟ್ಟತಾಯಮ್ಮ ಇದ್ದಾಳಲ್ಲ, ಅರವತ್ತೆಂಟಾದ್ರೂ ಐವತ್ತೈದು ಅಂದ್ಬುಟ್ಲು! ಬಿದ್ದು ಬಿದ್ದು ನಕ್ವಿ."

"ನೀನೇನಂದೆ?"

"ಅರವತ್ತೊಂದು ಅಂದೆ. ನಂಗ್ಯಾಕೆ ಸುಳ್ಳು? ಜಗಲಿಗೆ ಫ್ಯಾನ್ ಹಾಕ್ಸೋಕೆ ಇರ್ಬೇಕು ಅಂತ ಎಲ್ರೂ ಮಾತಾಡ್ಕೊಂಡ್ವಿ. ಪಾಪ, ಬಿಸ್ಲಲ್ಲಿ ಬಂದಿತ್ತು ಮಗು. ಮಜ್ಜಿಗೆ ಕೊಟ್ವಿ."

ಲಾಸ್ಯ ತಟ್ಟೆ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ನಿಂತಳು. ನೀರು ಬರುತ್ತಿರಲಿಲ್ಲ. ಆದರೂ ನಿಂತೇ ಇದ್ದಳು.

ಮೇ ಕೊನೆಯಲ್ಲಿ ಇಂಟರ್ನ್‌ಶಿಪ್ ಮುಗಿಯಿತು. ಬಿಂದುಮಾಧವ ಕೈಗೆ ಲಕೋಟೆ ಕೊಟ್ಟರು: ಓದು ಮುಗಿದ ಮೇಲೆ ಇಲ್ಲೇ ಕೆಲಸ. ಲಾಸ್ಯ ಅದನ್ನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದಳು. ಆದರೆ ಮಾಲವಿಕಾ ಫೋನ್ ಮಾಡಿ ಅಭಿನಂದಿಸುವಾಗ ಪಕ್ಕದಲ್ಲೇ ಇದ್ದ ದೊಡ್ಡಮ್ಮನಿಗೆ ಎಲ್ಲ ಕೇಳಿಸಿಬಿಟ್ಟಿತು.

"ಹರಕೆ ಹೊತ್ತಿದ್ದೆ ಕಣಮ್ಮ," ಎಂದಳು ಪುಟ್ಟಬಸಮ್ಮ. "ನಿಂಗೆ ಕೆಲ್ಸ ಆದ್ರೆ ಬೆಟ್ಟದ ಮೆಟ್ಲು ಮೆಟ್ಲಿಗೂ ಅರಿಶಿನ ಕುಂಕುಮ ಹಚ್ತೀನಿ ಅಂತ."

"ಸಾವಿರ ಮೆಟ್ಲು ದೊಡ್ಡಮ್ಮ! ನಿನ್ನ ಮಂಡಿ?"

"ಮಂಡಿ ನಂದು, ನಿಂಗೇನು?"

ಭಾನುವಾರ ಬೆಳಿಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಬುಡದಲ್ಲಿದ್ದರು. ಪುಟ್ಟಬಸಮ್ಮ ಬಗ್ಗುವಳು, ಅರಿಶಿನ ಇಡುವಳು, ಕುಂಕುಮ ಇಡುವಳು, ಮಂಡಿ ಹಿಡಿದು ಏಳುವಳು. ಲಾಸ್ಯ ತಟ್ಟೆ ಹಿಡಿದು ಹಿಂದೆ. ಇನ್ನೂರು ಮೆಟ್ಟಿಲು ದಾಟುವಷ್ಟರಲ್ಲಿ ದೊಡ್ಡಮ್ಮನ ಉಸಿರು ಶಿಳ್ಳೆ ಹೊಡೆಯುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಬಾಯಲ್ಲಿ ಅದೇ ಮಾತು: "ಮಗಿನ ಕೆಲ್ಸ ಗಟ್ಟಿಯಾಗ್ಲಿ ತಾಯಿ."

ಲಾಸ್ಯಳಿಗೆ ತಡೆಯಲಾಗಲಿಲ್ಲ. ಕೈ ಹಿಡಿದು ಕೂರಿಸಿದಳು. ಕಾಗದವೂ ಹಾಳಾಗಲಿ, ಸಹಿಯೂ ಹಾಳಾಗಲಿ ಎಂದುಕೊಂಡು ಹೇಳಿಯೇಬಿಟ್ಟಳು. "ದೊಡ್ಡಮ್ಮ, ಕಾರ್ಖಾನೆ ಮಾರ್ತಾರೆ. ಕೊಂಡೋರು ಜಗಲಿಯವರನ್ನ ಇಟ್ಕೊಳ್ಳಲ್ಲ."

ಪುಟ್ಟಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಯಾರೋ ಏನೋ ಹೇಳವ್ರೆ ನಿಂಗೆ. ಸದಾಶಿವಯ್ಯನೋರು ಅಂಗೆಲ್ಲ ಮಾಡಲ್ಲ ಕಣಮ್ಮ."

"ಯಾರೂ ಹೇಳಿಲ್ಲ. ಜಗಲಿ ವಿಷ್ಯ ಅವರು ಹೇಳಿರಲಿಲ್ಲ. ನಾನೇ ಬರೆದುಕೊಟ್ಟೆ."

ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. ಕೆಳಗೆ ಊರಿನ ದೀಪಗಳು ಒಂದೊಂದಾಗಿ ಆರುತ್ತಿದ್ದವು.

"ನೀನೇ ಬರ್ದಿದ್ರೆ," ಎಂದಳು ಸಮಾಧಾನವಾಗಿ, ಹಠ ಮಾಡುವ ಮಗುವಿಗೆ ಹೇಳುವ ಹಾಗೆ, "ನೀನೇ ಅಳಿಸ್ಬುಡು. ಅದಕ್ಯಾಕೆ ಅಳ್ತೀಯ? ಏಳು, ಬಿಸ್ಲು ಏರ್ತದೆ."

ಪುಟ್ಟಬಸಮ್ಮ ಒಂದು ಕೈ ಮಂಡಿಯ ಮೇಲಿಟ್ಟುಕೊಂಡು ಎದ್ದಳು, ಮುಂದಿನ ಮೆಟ್ಟಿಲಿಗೆ ಬಗ್ಗಿದಳು, ಹಿಂದಕ್ಕೆ ತಿರುಗದೆಯೇ ಕುಂಕುಮಕ್ಕೆ ಕೈ ಚಾಚಿದಳು. ಲಾಸ್ಯ ತಟ್ಟೆಯನ್ನು ಮುಂದಕ್ಕೆ ಹಿಡಿದಳು.