ಜರ್ಮನಿಯ ಕ್ಷೇತ್ರಕ್ಕೆ ಬೆಳಗಾವಿಯ ಕಣ್ಣು

ಹೋದ ತಿಂಗಳ ಒಂದು ಭಾನುವಾರ ನನ್ನ ಹೆಂಡತಿ ಸುಧಾ ಟೈಪ್‌ರೈಟರ್ ನಿಲ್ಲಿಸಿ, "ರೀ, ಈ ಹಳ್ಳಿ ಎರಡೂ ಕಡೆ ಅದ ನೋಡ್ರಿ" ಎಂದಳು.

ಹಳ್ಳಿ ಇರುವುದು ಜರ್ಮನಿಯಲ್ಲಿ. ನಾವಿರುವುದು ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನಲ್ಲಿ, ಮೂರನೇ ಮಹಡಿಯಲ್ಲಿ. ಅವಳಿಗೇಕೆ ಆ ಉಸಾಬರಿ?

ಕಾರಣ, ಕೆಳಮಹಡಿಯ ಕ್ಲಾಸ್ ಎಂಬ ಹುಡುಗ. ಜರ್ಮನಿಯಿಂದ ಪಿಎಚ್‌ಡಿ ಮಾಡಲು ಬಂದವನು. ತನ್ನೂರಿನ ಪಾರ್ಲಿಮೆಂಟ್ ಕ್ಷೇತ್ರದ ಚರಿತ್ರೆಯೇ ಅವನ ಥೀಸಿಸ್. ಯುದ್ಧ ಮುಗಿದಮೇಲೆ ಅಲ್ಲಿ ಯಾರು ಗೆದ್ದರು, ಯಾವ ಹಳ್ಳಿ ಯಾರ ಕಡೆಗಿತ್ತು, ಕ್ಷೇತ್ರದ ಗಡಿ ಯಾವಾಗ ಬದಲಾಯಿತು, ಎಲ್ಲವೂ ಅದರಲ್ಲಿದೆ. (ಅಲ್ಲಿ ತಲಾ ಎರಡು ವೋಟು. ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ನಮಗೆ ಒಂದೇ ಸಾಕುಸಾಕಾಗಿದೆ.) ಅದನ್ನು ಟೈಪ್ ಮಾಡುವವಳು ಸುಧಾ.

"ಈ ಹಳ್ಳಿ ಪಕ್ಕದ ಕ್ಷೇತ್ರಕ್ಕ ಹೋತು ಅಂತ ಮೂರನೇ ಚಾಪ್ಟರ್‌ನ್ಯಾಗ ಬರದಾನ. ಐದನೇದರಾಗ ಇದರ ವೋಟು ಇನ್ನೂ ಇಲ್ಲೇ ಎಣಿಸ್ಯಾನ."

"ಅವನ ಊರು, ಅವನ ಥೀಸಿಸ್. ಇದ್ದ ಹಾಗೆ ಟೈಪ್ ಮಾಡು" ಎಂದೆ. ನಾನು ಇಂಜಿನಿಯರ್. ನನಗೆ ಎಲ್ಲ ಗೊತ್ತಿರುತ್ತದೆ.

ಸುಧಾ ಕೇಳಲಿಲ್ಲ. ಅವಳದು ಬೆಳಗಾವಿ ಗಡಿಯ ಹಳ್ಳಿ. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಅವಳ ಊರು ಮೈಸೂರಿಗೆ ಬಂತು, ಸೋದರಮಾವನ ಊರು ಮುಂಬಯಿ ರಾಜ್ಯದಲ್ಲೇ ಉಳಿಯಿತು. "ಗೆರಿ ಎಳದಾಗ ಯಾವ ಊರು ಎತ್ತಾಗ ಹೋತು ಅನ್ನೋದು ಹುಡುಗಾಟ ಅಲ್ಲರೀ" ಎಂದವಳೇ ಹಾಳೆ ಹಿಡಿದು ಕೆಳಗಿಳಿದಳು. ಹಿಂದೆಯೇ ನಾನು, ಕ್ಷಮೆ ಕೇಳಲು ಸಿದ್ಧನಾಗಿ.

ಕ್ಲಾಸ್ ಮೊದಲು ನಕ್ಕ. ಆಮೇಲೆ ನಕಾಶೆ ಬಿಚ್ಚಿದ. ಆಮೇಲೆ ತಪ್ಪು ಒಪ್ಪಿಕೊಂಡ. ಅದು ದೊಡ್ಡ ಹಳ್ಳಿ. ಗಡಿ ಬದಲಾದರೂ ಕ್ಷೇತ್ರದ ಒಲವು ಬದಲಾಗಲಿಲ್ಲ ಎಂಬುದು ಅವನ ವಾದ. ಆ ಹಳ್ಳಿಯ ವೋಟು ತೆಗೆದರೆ ವಾದವೇ ಬಿದ್ದುಹೋಗುತ್ತಿತ್ತು. ವೈವಾಕ್ಕೆ ಉಳಿದದ್ದು ಮೂರೇ ವಾರ. ಅವನು ಕೊನೆಯ ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆದ. ಸುಧಾ ಹೊಸದಾಗಿ ಟೈಪ್ ಮಾಡಿದಳು. ನಾನು ಅಡುಗೆ ಮಾಡಿದೆ (ಅದರ ವಿವರ ಬೇಡ).

ವೈವಾಕ್ಕೆ ನಮ್ಮನ್ನೂ ಕರೆದಿದ್ದ. ಹಿಂದಿನ ಸಾಲಿನಲ್ಲಿ ಕೂತೆವು. ಹಿರಿಯ ಪ್ರೊಫೆಸರರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ನಿಮಗಿಂತ ಮೊದಲು ಬರೆದವರೂ ಈ ಹಳ್ಳಿಯನ್ನು ತಪ್ಪಾಗಿ ಎಣಿಸಿದ್ದಾರೆ. ನಿಮಗೆ ಹೇಗೆ ಹೊಳೆಯಿತು?"

"ಹೊಳೆದದ್ದು ನನಗಲ್ಲ" ಎಂದು ಕ್ಲಾಸ್ ನಮ್ಮತ್ತ ಕೈ ತೋರಿಸಿದ. "ಅವರಿಗೆ."

ಎಲ್ಲರೂ ತಿರುಗಿದರು. ಹಸಿರು ಇಳಕಲ್ ಸೀರೆ, ಮೇಲೆ ನನ್ನ ಹಳೆಯ ಓವರ್‌ಕೋಟು. "ನಿಮಗೆ ಜರ್ಮನ್ ಬರುತ್ತದೆಯೇ?" ಎಂದು ಕೇಳಿದರು ಪ್ರೊಫೆಸರ್.

ಸುಧಾ ಎದ್ದು ನಿಂತಳು. ನಿಧಾನವಾಗಿ, ತನ್ನ ಧಾರವಾಡದ ಕಾಲೇಜಿನ ಇಂಗ್ಲಿಷಿನಲ್ಲಿ ಹೇಳಿದಳು: "ಇಲ್ಲ ಸರ್. ಗಡಿ ಅಂದರೇನು ಅಂತ ಗೊತ್ತು."

ಅವರು ಪೆನ್ನು ಕೆಳಗಿಟ್ಟು ಅವಳಿಗೆ ತಲೆಬಾಗಿದರು. ನನಗೆ ಪ್ರಮೋಷನ್ ಸಿಕ್ಕ ದಿನವೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ವಾಪಸ್ ಬರುವಾಗ ಸಬ್‌ವೇಯಲ್ಲಿ ಪಕ್ಕದಲ್ಲಿದ್ದವನಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. "ಸಾಕು ಬಿಡ್ರಿ, ಯಾರೋ ಏನೋ" ಎಂದು ಸುಧಾ ಮೊಣಕೈಯಲ್ಲಿ ತಿವಿದಳು.

ಹೆಂಡತಿಯ ಬಗ್ಗೆ ಜಂಬ ಕೊಚ್ಚಲು ಪರಿಚಯ ಬೇರೆ ಬೇಕೇ?