ಈರಬಸಪ್ಪ ಕಾಕಾ ಅವರ ಎಡದವಡೆಯ ನರ

ಪುಣೆಯ ವೈದ್ಯಕೀಯ ಶಿಕ್ಷಣದ ಚರಿತ್ರೆಯನ್ನು ಯಾರಾದರೂ ಬರೆದರೆ ಪ್ರಾಧ್ಯಾಪಕರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಆ ಪ್ರಾಧ್ಯಾಪಕರು ತರಗತಿಗೆ ಬರುವ ಹೊತ್ತಿಗೆ ಮುಖದ ಚರ್ಮವನ್ನು ಹದವಾಗಿ ಬಿಡಿಸಿ, ಕೂದಲೆಳೆಯಂಥ ನರಗಳನ್ನು ಒಂದೂ ಹರಿಯದಂತೆ ತೋರಿಸಿಟ್ಟಿರುತ್ತಿದ್ದವರ ಹೆಸರು ಬರುವುದು ಅನುಮಾನ. ಅಭಿನಂದನ ಗ್ರಂಥವೆಂದರೆ ಪದವಿಗಳ ಪಟ್ಟಿ ಉದ್ದವಿರಬೇಕೆಂಬುದು ನಮ್ಮಲ್ಲಿ ರೂಢಿ. ಮೆಟ್ರಿಕ್ಕಿನಲ್ಲಿ ಓದು ನಿಲ್ಲಿಸಿದ, ನಮ್ಮ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಮೂವತ್ತಾರು ವರ್ಷ ಸಹಾಯಕರಾಗಿದ್ದು ಈಗ ನಿವೃತ್ತರಾಗುತ್ತಿರುವ ಶ್ರೀ ಈರಬಸಪ್ಪನವರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮರಾಠಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಗಳಲ್ಲಿ ಇಂಥದೊಂದು ಗ್ರಂಥವನ್ನು ಅರ್ಪಿಸುತ್ತಿರುವುದು ನನಗೆ ತುಂಬ ಸಂತೋಷ ತಂದಿದೆ. ಕನ್ನಡದ ಪಾಲು ನನ್ನ ಹೆಗಲಿಗೆ ಬಿದ್ದಿದೆ.

ಇಂಡಿ ತಾಲೂಕಿನಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಪುಣೆಗೆ ಬಂದ ಅವರು ಮನೆ ಮಾಡಿದ್ದು ಸಾಸವಡದಲ್ಲಿ. ಅಲ್ಲಿಂದ ದಿನವೂ ಘಾಟು ಇಳಿದು ಬರುವ ಬಸ್ಸು ತಡವಾದದ್ದುಂಟು, ಕಾಕಾ ತಡವಾದದ್ದಿಲ್ಲ. ಪಂಢರಪುರಕ್ಕೆ ಹೋಗುವ ಪಾಲಖಿಯ ಮೆರವಣಿಗೆಯ ದಿನಗಳಲ್ಲಿ ರಸ್ತೆ ಮುಚ್ಚುತ್ತದೆಂದು ಹಿಂದಿನ ದಿನವೇ ಬಂದು ವಿಭಾಗದ ವರಾಂಡದಲ್ಲಿ ಉಳಿದುಬಿಡುತ್ತಿದ್ದರು. ಅವರ ಪತ್ನಿ ಪಾರವ್ವನವರು ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟಿನಲ್ಲಿ ನಮಗೂ ಪಾಲಿರುತ್ತಿತ್ತು, ಆದ್ದರಿಂದ ಪಾಲಖಿಯನ್ನು ನಾವೂ ಭಕ್ತಿಯಿಂದಲೇ ಕಾಯುತ್ತಿದ್ದೆವು.

ಎರಡು ಸಾವಿರದ ಐದರಲ್ಲಿ ನಾನು ಕೊಳ್ಳೇಗಾಲದಿಂದ ಬಂದಾಗ ನನಗೆ ಮರಾಠಿ ಒಂದಕ್ಷರ ಬಾರದು, ಇಂಗ್ಲಿಷ್ ಬಾಯಲ್ಲಿ ತಡವರಿಸುತ್ತಿತ್ತು. ಶವಚ್ಛೇದನದ ಕೋಣೆಯಲ್ಲಿ ಮುಖದ ಪಾಠ ಶುರುವಾಗುವ ದಿನದವರೆಗೂ ಕಾಕಾ ದೇಹದ ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿಯೇ ಇಡುತ್ತಿದ್ದರು. ಅಂದು ಬಟ್ಟೆ ತೆಗೆಯುವ ಮೊದಲು ಎಲ್ಲರಿಗೂ ಮರಾಠಿಯಲ್ಲಿ ಏನೋ ಹೇಳಿ, ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು: “ಮುಖಕ್ಕ ಕತ್ತರಿ ಹಚ್ಚೂಕಿಂತ ಮೊದ್ಲ ನಿಮ್ಮ ಮುಖ ನೀವ ಮುಟ್ಟಿ ನೋಡ್ಕೋರಿ.” ಹಲ್ಲು ಕಚ್ಚಿದೆವು, ದವಡೆಯ ಮೇಲೆ ಸ್ನಾಯು ಉಬ್ಬಿತು; ಕಣತಲೆಗೆ ಬೆರಳಿಟ್ಟೆವು, ಅಲ್ಲಿಯೂ ಒಂದು ಅಲುಗಿತು. ಆಮೇಲೆ ಕಿವಿಯ ಬುಡದಲ್ಲಿ ನಮ್ಮ ಅಂಗೈ ಊರಿಸಿ ಐದೂ ಬೆರಳು ಕೆನ್ನೆಯ ಮೇಲೆ ಹರಡಿಸಿದರು. ಹಣೆ, ಕಣ್ಣು, ಕೆನ್ನೆ, ದವಡೆಯ ಅಂಚು, ಕುತ್ತಿಗೆ, ಹೀಗೆ ಮುಖದ ನರ ಐದಾಗಿ ಒಡೆಯುವ ದಾರಿ ನನ್ನ ಕೈಯಲ್ಲೇ ಇತ್ತು. ಅಗಿಯುವ ನರ ಬೇರೆ, ನಗುವ ನರ ಬೇರೆ ಎಂದು ಅವರು ಹೇಳಿದ್ದು ಇಂದಿಗೂ ಮರೆತಿಲ್ಲ.

ಮೊದಲ ಪರೀಕ್ಷೆಯಲ್ಲಿ ನಾನು ಸೊಗಸಾಗಿ ಫೇಲಾದೆ. ಕಾಕಾ ಸಮಾಧಾನ ಹೇಳಲಿಲ್ಲ. ಸತತ ಆರು ಭಾನುವಾರ ತಮ್ಮ ರಜೆ ಬಿಟ್ಟು ಬಂದು, ಅರ್ಧ ಮುಖವೊಂದನ್ನು ನನಗಾಗಿ ತೆಗೆದಿಟ್ಟು, ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ನಾನಿಂದು ಮುಖ ಮತ್ತು ದವಡೆಯ ಶಸ್ತ್ರವೈದ್ಯೆಯಾಗಿ ಅನ್ನ ತಿನ್ನುತ್ತಿದ್ದರೆ ಅದು ಆ ಆರು ಭಾನುವಾರಗಳ ಅನ್ನ.

ಇಲ್ಲಿಯವರೆಗಿನದನ್ನು ಬರೆಯುವುದು ಸುಲಭವಾಗಿತ್ತು.

ಎರಡು ವರ್ಷದ ಹಿಂದೆ ಕಾಕಾ ಅವರ ಎಡಗಿವಿಯ ಮುಂದೆ ಜೊಲ್ಲುಗ್ರಂಥಿಯಲ್ಲಿ ಗೆಡ್ಡೆಯೊಂದು ಕಾಣಿಸಿಕೊಂಡಿತು. ಅದನ್ನು ತೆಗೆಯುವವರು ಆ ಐದೂ ನರಗಳನ್ನು ಬಿಡಿಸಿಕೊಂಡೇ ಹೋಗಬೇಕು. ಪುಣೆಯ ದೊಡ್ಡ ದೊಡ್ಡವರೆಲ್ಲ ಅವರಿಗೆ ಗೊತ್ತಿದ್ದವರೇ; ಆದರೂ ನನ್ನ ಹತ್ತಿರ ಬಂದರು. ಗೆಡ್ಡೆ ಚೊಕ್ಕಟವಾಗಿ ಬಂತು, ಕೆಡುಕಿನದಾಗಿರಲಿಲ್ಲ. ಆದರೆ ಕೆಳಗೆ ಒಂದು ರಕ್ತನಾಳ ಚಿಮ್ಮಿದಾಗ ಅದನ್ನು ಹಿಡಿಯುವ ಆತುರದಲ್ಲಿ, ಅದರ ಮೇಲೆ ಹಾದುಹೋಗಿದ್ದ ದವಡೆಯಂಚಿನ ನರವನ್ನು ನಾನು ಕತ್ತರಿಸಿಬಿಟ್ಟೆ. ಅಲ್ಲೇ ಹೊಲಿದೆ. ಹೊಲಿಗೆ ಹಿಡಿಯಲಿಲ್ಲ. ಅವರು ನಕ್ಕರೆ ಕೆಳತುಟಿಯ ಎಡಬದಿ ಇಳಿಯುವುದಿಲ್ಲ, ನಗು ಒಂದು ಕಡೆಗೆ ವಾಲುತ್ತದೆ. ನರ ಗೆಡ್ಡೆಗೆ ಅಂಟಿಕೊಂಡಿತ್ತು, ಉಳಿಸಲಾಗಲಿಲ್ಲ ಎಂದು ಅವರಿಗೆ ಹೇಳಿದೆ. ಕಾಕಾ ಕೈಮುಗಿದು ಮನೆಗೆ ಹೋದರು.

ಆ ಸುಳ್ಳಿನ ಮೇಲೆ ಎರಡು ವರ್ಷ ಹಾಯಾಗಿಯೇ ಇದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಈ ಗ್ರಂಥದ ಸಂಪಾದಕಿ, ನನ್ನ ಸಹಪಾಠಿ ಹರ್ಷದಾ, ಕಾಕಾ ಅವರ ಜೀವನಚಿತ್ರದ ಕರಡನ್ನು ಒಮ್ಮೆ ನೋಡಿಕೊಡೆಂದು ಕಳಿಸಿದಳು. ಗೆಡ್ಡೆಯು ನರವನ್ನೇ ನುಂಗಿದ್ದರೂ ಶಿಷ್ಯೆಯ ಕೈಚಳಕದಿಂದ ಗುರುವಿನ ಮುಖ ಉಳಿಯಿತು ಎಂದು ಅದರಲ್ಲಿ ಅಚ್ಚಾಗಲಿತ್ತು. ಆ ಭಾನುವಾರವೇ ಸಾಸವಡಕ್ಕೆ ಹೋದೆ.

ಪಾರವ್ವನವರು ಚಹ ಕೊಟ್ಟು ಒಳಗೆ ಹೋದ ಮೇಲೆ ಹೇಳಿದೆ: “ಕಾಕಾ, ನರ ಗೆಡ್ಡೆಗೆ ಅಂಟಿರಲಿಲ್ಲ. ನಾನೇ ಕತ್ತರಿಸಿಬಿಟ್ಟೆ.”

ಅವರು ಬಸಿಯಲ್ಲಿದ್ದ ಚಹ ಮುಗಿಸಿದರು. “ನನಗ ಗೊತ್ತದ ತಂಗಿ. ಗಡ್ಡಿ ಇದ್ದದ್ದು ಕಿವಿ ಮುಂದ. ಆ ನರ ಹೋಗೂದು ದವಡಿ ಅಂಚಿಗೆ. ಅಷ್ಟು ತಿಳೀದಂಗ ಮೂವತ್ತಾರು ವರ್ಷ ಏನ್ ಮಾಡೀನಿ? ನೀ ಯಾವಾಗ ಬಂದು ಹೇಳ್ತಿ ಅಂತ ಹಾದಿ ನೋಡ್ಲಿಕ್ಹತ್ತಿದ್ದೆ.”

ನಾನು ಅತ್ತೆ. ಅವರು ಅಳಲು ಬಿಟ್ಟರು. ಆಮೇಲೆ ಕೇಳಿದ್ದು ಇಷ್ಟೇ: “ಮತ್ತ ಚೀಟಿ?”

ಹೊರಗಿನವರಿಗೆ ಇದನ್ನು ವಿವರಿಸಬೇಕು. ಕಾಕಾ ಅವರ ಕೋಣೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಕೈತಪ್ಪಿ ನರ ಕತ್ತರಿಸಿದರೆ, ಆ ಜಾಗಕ್ಕೆ ತನ್ನ ಹೆಸರು ಬರೆದ ಚೀಟಿಯನ್ನು ದಾರದಿಂದ ಕಟ್ಟಬೇಕಿತ್ತು. ಬೈಗುಳವಿಲ್ಲ, ದಂಡವಿಲ್ಲ. ಚೀಟಿ ಇಲ್ಲದಿದ್ದರೆ ಮುಂದೆ ಬರುವವರು ಇಲ್ಲದ ನರವನ್ನು ಹುಡುಕುತ್ತಾರೆ, ಈ ಮನುಷ್ಯನಿಗೆ ಹುಟ್ಟಿನಿಂದಲೇ ಅದು ಇರಲಿಲ್ಲವೆಂದು ತಪ್ಪು ಬರೆದುಕೊಳ್ಳುತ್ತಾರೆ ಎಂಬುದೊಂದೇ ಕಾರಣ. ವಿದ್ಯಾರ್ಥಿಯಾಗಿದ್ದಾಗ ನಾನೂ ಮೂರು ಚೀಟಿ ಕಟ್ಟಿದ್ದೆ.

“ಪುಸ್ತಕಕ್ಕ ಬರಿಯಾಕಿ ನೀನ ಅಲ್ಲೇನು? ಅದರಾಗ ಬರಿ,” ಎಂದರು ಕಾಕಾ. “ಕನ್ನಡದಾಗ ಬರಿ. ನಾ ಓದ್ಬೇಕು.”

ಹರ್ಷದಾಳ ಕರಡಿನಿಂದ ಆ ವಾಕ್ಯವನ್ನು ತೆಗೆಸಿದ್ದೇನೆ. ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಮೊದಲ ವರ್ಷದವರಿಗೆ ಮುಖ ಬಿಡಿಸುವುದನ್ನು ಕಲಿಸಲು ಕಾಕಾ ಒಪ್ಪಿದ್ದಾರೆ. ಅವರ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ, ಪಾರವ್ವನವರ ಜೊತೆ ನೂರು ವರ್ಷ ರೊಟ್ಟಿ ಮುರಿಯುತ್ತಿರಲಿ; ನಮ್ಮ ಮಕ್ಕಳೂ ಅವರ ಕೈಕೆಳಗೆ ಕಲಿಯುವಂತಾಗಲಿ ಎಂದು ಮನತುಂಬಿ ಹಾರೈಸುತ್ತೇನೆ. ಕಾಕಾ, ನಿಮ್ಮ ಋಣ ದೊಡ್ಡದು. ನೀವು ಕೇಳಿದ್ದು ಇಲ್ಲಿದೆ.

ಎಡಗಡೆ, ದವಡೆಯ ಅಂಚಿಗೆ ಹೋಗುವ ನರ. ಹುಟ್ಟಿನಿಂದ ಸರಿಯಾಗಿಯೇ ಇತ್ತು. ಕತ್ತರಿಸಿದವಳು: ಸಿಂಧೂರ.