ಹೋಳಿಗೆ ಮುಕದ್ದಮೆಯ ಕಾಗದ

ನನಗೊಂದು ದುರಭಿಮಾನವಿದೆ, ಮೊದಲೇ ಹೇಳಿಬಿಡುತ್ತೇನೆ. ನಿಜಾಮರ ಕಾಲದ ಕೋರ್ಟಿನ ಉರ್ದು ಕೈಬರಹವನ್ನು ನನ್ನಷ್ಟು ಸಲೀಸಾಗಿ ಓದುವವರು ಆಳಂದದಲ್ಲಿ ಇನ್ನೊಬ್ಬರಿಲ್ಲ ಎಂದು ನನ್ನ ನಂಬಿಕೆ. ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತಳಾದವಳು ನಾನು. ಆದರೆ ಈ ಓದು ಶಾಲೆಯಿಂದ ಬಂದದ್ದಲ್ಲ, ನಮ್ಮ ತಂದೆ, ಅಬ್ಬಾ, ಕೊಟ್ಟದ್ದು. ಅವರು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುತ್ತಿದ್ದರು, ಹಳೆಯ ಕಾಗದ ಹಿಡಿದು ಬಂದವರಿಗೆ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು: ಬೇರೆಯವರ ಕಾಗದವನ್ನು ಮೊದಲು ಮನಸ್ಸಿನಲ್ಲಿ ಓದಿಕೊಳ್ಳಬಾರದು, ಕಣ್ಣು ಬಿದ್ದ ಹಾಗೆ ಬಾಯಿ ನಡೆಯಬೇಕು. "ಒಳಗೊಳಗ ಓದಿ ಆಮ್ಯಾಲ ಹೇಳಾಂವ ಏನರ ಮುಚ್ಚಿಡ್ತಾನ ಅಂತ ಮಂದಿ ತಿಳೀತಾರ," ಎನ್ನುತ್ತಿದ್ದರು. ನಾನೂ ಇಷ್ಟು ವರ್ಷ ಹಾಗೇ ಓದಿಕೊಂಡು ಬಂದೆ.

ಹೋದ ವರ್ಷ ಸರಸಂಬಾದ ಆಚೆಯ ಒಂದು ಹಳ್ಳಿಯಿಂದ ಮುದುಕಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹೊಸ್ತಿಲಲ್ಲೇ ನಿಂತು, "ನಾವು ಹೋಳಗಿ ಮನಿಯವ್ರು ರೀ ಅಕ್ಕೋರೆ," ಅಂದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ.

ಹೋಳಿಗೆ ಮನೆ ಎಂದರೆ ಸಾಕು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕಿನ ಹಳಬರಿಗೆ ಆ ಕಥೆ ಗೊತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಕಾಲ. ಆ ಮನೆಯ ಸೊಸೆ ಗಂಡನಿಗೆ ಹೋಳಿಗೆಯಲ್ಲಿ ವಿಷ ಇಕ್ಕಿ ಕೊಂದಳೆಂದು ಕೇಸಾಯಿತು. ಕಲಬುರಗಿಯಲ್ಲಿ ವಿಚಾರಣೆ ನಡೆದಾಗ ಜನ ಗಾಡಿ ಕಟ್ಟಿಕೊಂಡು ಕೇಳಲು ಹೋಗುತ್ತಿದ್ದರಂತೆ. ಹಾಲು ಕುಡಿಯುವ ಮಗನನ್ನು ಬಿಟ್ಟು ಹೋದ ಆಕೆ ಊರಿಗೆ ತಿರುಗಿ ಬರಲಿಲ್ಲ. ಜನ್ಮಠೇಪೆ, ಸಾಯುವ ತನಕ ಸೆರೆ, ಆಯಿತೆಂದು ಕೆಲವರು, ಖುಲಾಸೆಯಾದರೂ ನಾಚಿಕೆಗೆ ಬರಲಿಲ್ಲವೆಂದು ಕೆಲವರು. ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ.

ಆ ಕೂಸಿನಿಂದ ಬೆಳೆದ ವಂಶ ಇವರದು. ಅಂದಿನಿಂದ ಆ ಮನೆಯ ಹೆಣ್ಣುಮಕ್ಕಳಿಗೆ ಒಂದು ಪದ್ಧತಿ ಅಂಟಿಕೊಂಡಿದೆ. ಯಾರಿಗೇ ಏನೇ ಬಡಿಸಲಿ, ಅವರ ಎದುರೇ ಮೊದಲು ಒಂದು ಚೂರು ಮುರಿದು ತಾವು ತಿನ್ನಬೇಕು, ಆಮೇಲೆ ಬಡಿಸಬೇಕು. ಮಗಳಾದರೂ ಅಷ್ಟೇ, ಸೊಸೆಯಾದರೂ ಅಷ್ಟೇ. ಈ ಮುದುಕಿ ಬೇರೆ ಮನೆಯಿಂದ ಬಂದವರು, ಆ ರಕ್ತವೂ ಅಲ್ಲ. ಆದರೂ ಅರವತ್ತು ವರ್ಷ ನಿಂತುಕೊಂಡು ಮೊದಲು ತಿಂದಿದ್ದಾರೆ.

ಮೊಮ್ಮಗಳು ಅಫಜಲಪುರದಲ್ಲಿ ಶಾಲೆ ಟೀಚರ್. ನೆಲೋಗಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು, ಇಬ್ಬರಿಗೂ ಮನಸ್ಸಿತ್ತು. ಅಷ್ಟರಲ್ಲಿ ಗಂಡಿನ ತಾಯಿ, ನಮ್ಮ ಮನೆಯಲ್ಲೂ ಆ ಪದ್ಧತಿ ನಡೆಸಿಕೊಂಡು ಹೋಗಲಿ, ಬಂದುಹೋಗುವವರಿಗೆ ಧೈರ್ಯ ಇರುತ್ತದೆ ಎಂದು ಹೇಳಿ ಕಳಿಸಿದ್ದರು. ಹುಡುಗಿ, "ನಾ ಒಲ್ಲೆ. ಬೇಕಾದ್ರ ಮದವಿ ಬಿಡ್ತೇನಿ," ಎಂದು ಕೂತಿದ್ದಳು.

ಮುದುಕಿ ಸೆರಗಿನ ಗಂಟಿನಿಂದ ಮಡಿಚಿದ ಕಾಗದ ತೆಗೆದರು. "ಇದು ಆ ಮುಕದ್ದಮಿ ಕಾಗದ ರೀ. ಆಕಿ ಖುಲಾಸ ಆಗ್ಯಾಳ ಅಂತ ಇದರಾಗ ಬರದದ ಅಂತ ನಮ್ಮತ್ತಿ ಹೇಳಿ ಸತ್ತಳು. ಬೀಗರ ಎದುರ ಓದ್ರಿ, ಇಕಿ ಬಾಳೇವು ನಿಮ್ಮ ಕೈಯಾಗ ಅದ."

ಬುದ್ಧಿ ಇದ್ದವಳಾಗಿದ್ದರೆ, ಇಟ್ಟು ಹೋಗಿರಿ, ಮೊದಲು ನೋಡುತ್ತೇನೆ ಎನ್ನಬೇಕಿತ್ತು. ನಾನು ಬಿಚ್ಚಿಯೂ ನೋಡದೆ, "ಕರ್ಕೊಂಡು ಬರ್ರಿ, ಓದ್ತೇನಿ," ಅಂದೆ. ಅಬ್ಬಾನ ಕಟ್ಟಳೆಯೋ, ನನ್ನ ಸೊಕ್ಕೋ. ಮುದುಕಿ ಖುಷಿಯಾಗಿ ಡಬ್ಬಿ ಬಿಚ್ಚಿ ನನ್ನ ಕೈಗೊಂದು ಹೋಳಿಗೆ ಕೊಟ್ಟರು. ತಾವೊಂದು ಚೂರು ಮುರಿದು ತಿಂದರು. "ತುಪ್ಪ ಹಾಕ್ಲ್ಯಾ ಅಕ್ಕೋರೆ?" ಎಂದು ಕೇಳಿದರು. ನಾನೂ ತಿಂದೆ. ತೊಗರಿ ಬೇಳೆಯ ಹೂರಣ, ಚೆನ್ನಾಗಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಗಂಡಿನ ತಾಯಿ ತಮ್ಮ ಅಣ್ಣನ ಜೊತೆ ಎರಡು ಬಸ್ಸು ಬದಲಿಸಿ ಬಂದರು. ಎಲ್ಲರೂ ಚಾಪೆಯ ಮೇಲೆ ಕೂತರು. ಮೊದಲ ಹಾಳೆಯಲ್ಲಿ ಹೆಣದ ಪಂಚನಾಮೆ, ಎರಡನೆಯದರಲ್ಲಿ ಸಾಕ್ಷಿಗಳ ಹೇಳಿಕೆ. ವಾಕ್ಯ ವಾಕ್ಯ ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಹೇಳುತ್ತ ಸಾಗಿದೆ. ಮೂರನೆಯ ಹಾಳೆಯಲ್ಲಿ ಆಪಾದಿತೆಯ ಹೇಳಿಕೆ ಇತ್ತು. ಕಣ್ಣು ಬಾಯಿಗಿಂತ ನಾಲ್ಕು ಶಬ್ದ ಮುಂದೆ ಇರುತ್ತದೆ. ಅಲ್ಲಿ, ವಿಷ ಬೆರೆಸಿದವಳು ತಾನೇ ಎಂದು ಆಕೆ ಒಪ್ಪಿಕೊಂಡಳು ಎಂದು ಬರೆದಿತ್ತು.

ಜನ್ಮದಲ್ಲಿ ಮೊದಲ ಸಲ ಓದು ನಿಂತಿತು. ಮುದುಕಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಉರ್ದು ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಖುಲಾಸೆ ಎಂಬ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

"ನಿಂತ್ರ್ಯಾಕ್ರಿ ಅಕ್ಕೋರೆ?" ಹುಡುಗಿ ಕೇಳಿದಳು. "ಇದ್ದದ್ದು ಇದ್ದಂಗ ಓದ್ರಿ."

ಓದಿದೆ. ಗಂಡಿನ ಸೋದರಮಾವ ಹೆಗಲ ಟವೆಲ್ಲು ಕೊಡವಿ ಎದ್ದರು. "ಆತಲ್ಲ. ಬೆಂಕಿ ಇಲ್ದ ಹೊಗಿ ಆಡ್ತದೇನು?" ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು, ಆ ಸೋದರಮಾವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

"ಕಾಗದ ಮುಗದಿಲ್ಲರಿ," ಎಂದೆ, ಶಾಲೆಯ ದನಿಯಲ್ಲಿ. "ಅರ್ಧ ಕೇಳಿ ಏಳೋದು ನಮ್ಮ ಮನ್ಯಾಗ ನಡ್ಯಂಗಿಲ್ಲ. ಕೂಡ್ರಿ." ಅವರು ಕೂತರು.

ಮುಂದಿನದನ್ನು ಓದಿದೆ. ಆಕೆಯದೇ ಮಾತಿನಲ್ಲಿ ಹೇಳಿಕೆ ಹೀಗಿತ್ತು. ನನ್ನ ಗಂಡನಿಗೆ ದಾಯಾದಿಗಳು ವಿಷ ಹಾಕಿಯಾರೆಂಬ ಭಯ. ಮದುವೆಯಾಗಿ ಬಂದ ದಿನದಿಂದ ಪ್ರತಿ ಊಟವನ್ನೂ ಮೊದಲು ನನಗೆ ತಿನ್ನಿಸುತ್ತಿದ್ದರು. ನಾನು ಬದುಕಿದ್ದನ್ನು ನೋಡಿ ಆಮೇಲೆ ಉಣ್ಣುತ್ತಿದ್ದರು. ಬಸುರಿಯಿದ್ದಾಗಲೂ ಬಿಡಲಿಲ್ಲ. ಆ ದಿನವೂ ಮೊದಲು ನನಗೇ ತಿನ್ನಲು ಹೇಳಿದರು. ತಿಂದೆ. ಇಬ್ಬರೂ ಸಾಯಲಿ ಎಂದೇ ತಿಂದೆ. ಅವರು ಸತ್ತರು, ನಾನು ಉಳಿದೆ. ಕೊನೆಗೆ ಕೋರ್ಟಿನ ಸಾಲು: ವಯಸ್ಸು ಹದಿನಾರು. ಶಿಕ್ಷೆ, ಜನ್ಮಠೇಪೆ.

ಗಂಡಿನ ತಾಯಿ ಮೆಲ್ಲಗೆ, "ಮೊದಲ ಆಕೀನ ತಿಂದಳಾ?" ಎಂದು ಕೇಳಿದರು.

"ಹೌದ್ರಿ."

"ಹಂಗಾದ್ರ ನಮ್ಮ ಆಯಿ ಅರವತ್ತು ವರ್ಷ ಯಾತಕ್ಕ ತಿಂದಳು?" ಎಂದಳು ಹುಡುಗಿ. "ವಿಷ ಹಾಕಿದಾಕೀನೂ ಮೊದಲ ತಿಂದಾಳ."

ಮುದುಕಿ ಏನು ಮಾಡಲೂ ತೋಚದೆ, ಬೀಗರಿಗೆಂದು ತಂದ ಡಬ್ಬಿ ಬಿಚ್ಚಿದರು. ರೂಢಿಯಂತೆ ಕೈ ತಾನೇ ಒಂದು ಚೂರು ಮುರಿಯಿತು. ಬಾಯಿಯ ಹತ್ತಿರ ಹೋಗಿ ನಿಂತಿತು. ತಿನ್ನಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ಗಂಡಿನ ತಾಯಿ ಚಾಪೆಯ ಮೇಲೆ ಮುಂದೆ ಸರಿದರು. "ಆ ತುತ್ತು ನನಗ ಕೊಡ್ರಿ ಅವ್ವಾ," ಎಂದು ಮುದುಕಿಯ ಬೆರಳಿನಿಂದ ಅದನ್ನು ತೆಗೆದುಕೊಂಡು ತಾವು ತಿಂದರು. "ನಾ ಹೇಳಿ ಕಳಿಸಿದ್ದು ತಪ್ಪಾತು." ಅಣ್ಣ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಹುಡುಗಿ ಎದ್ದು ತಟ್ಟೆ ತಂದು ಮೊದಲು ಆಯಿಗೆ ಬಡಿಸಿದಳು. ಆಯಿ ಕೂತುಕೊಂಡು, ನಿಧಾನಕ್ಕೆ, ಇಡೀ ಹೋಳಿಗೆ ತಿಂದರು.

ಮದುವೆ ಆಯಿತು. ನೆಲೋಗಿಗೆ ಹೋಗಿ ಉಂಡು ಬಂದೆ. ಸತ್ಯ ಓದಿ ಒಂದು ಮನೆ ಉಳಿಸಿದೆ ಎಂದು ಜನ ನನ್ನನ್ನು ಹೊಗಳುತ್ತಾರೆ, ನನಗೂ ಕೇಳಲು ಹಿತವೇ. ಆದರೆ ಆ ಮೊದಲ ದಿನ ನೆನಪಾದರೆ ಮುಖ ಎತ್ತಲಾಗುವುದಿಲ್ಲ. ಹೋಳಿಗೆ ನನ್ನ ಕೈಗೆ ಮೊದಲೇ ಬಂದಿತ್ತು. ಮುದುಕಿ ತಮ್ಮ ಚೂರನ್ನು ಅಗಿದು ನುಂಗುವ ತನಕ ನಾನು ಅದನ್ನು ಬಾಯಿಗೆ ಒಯ್ಯಲಿಲ್ಲ. ಅವರು ಅದನ್ನು ನೋಡಿದರು. ನೋಡಿಯೂ ನೋಡದವರ ಹಾಗೆ ಕೇಳಿದ್ದರು, ತುಪ್ಪ ಹಾಕ್ಲ್ಯಾ ಅಕ್ಕೋರೆ ಅಂತ.